ಹಳೇ ಜೀಪಿನ ಮುಂಚಕ್ರ ಅಲ್ಲಾಡಿದರೆ ಎಲ್ಲಿಂದ ನೋಡಬೇಕು

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಳೇ ವಿಲ್ಲಿಸ್, ಮಹೀಂದ್ರ ಸಿಜೆ-3ಬಿ ಜೀಪುಗಳು ಇನ್ನೂ ದುಡಿಯುತ್ತಿವೆ. ಅವುಗಳ ಬಗ್ಗೆ ನನ್ನ ಕಿವಿಗೆ ಬೀಳುವ ದೂರು ಹೆಚ್ಚಾಗಿ ಒಂದೇ. ತೋಟದೊಳಗೆ ಏನೂ ತೊಂದರೆ ಇಲ್ಲ, ಡಾಂಬರು ರಸ್ತೆಯಲ್ಲಿ ವೇಗ ಹಿಡಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಅಲೈನ್‌ಮೆಂಟ್ ಮಾಡಿಸಿ ಅಂತ ಎಲ್ಲರೂ ಹೇಳುತ್ತಾರೆ. ಈ ಗಾಡಿಯಲ್ಲಿ ಅದು ಕೊನೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದದ್ದು ಬೇರೆ ಇದೆ.

ನಾನು ಮೊದಲು ಕೇಳುವುದು ಇಷ್ಟು: ಲೋಡ್ ಇದ್ದಾಗ ಹೇಗೆ, ಖಾಲಿ ಇದ್ದಾಗ ಹೇಗೆ? ನಮ್ಮ ಜೀಪು ಕಾಫಿ ಚೀಲ ಹೇರಿದಾಗ ನೆಟ್ಟಗೆ ಹೋಗುತ್ತಿತ್ತು. ಇಳಿಸಿ ವಾಪಸ್ ಬರುವಾಗ ರಸ್ತೆ ತುಂಬಾ ಅಲೆಯುತ್ತಿತ್ತು. ಕಾರಣ ಮುಂದೆ ಇರಲಿಲ್ಲ, ಹಿಂದೆ ಇತ್ತು. ಭಾರ ತಡೆಯಲಿ ಅಂತ ಹಿಂದಿನ ಸ್ಪ್ರಿಂಗಿಗೆ ಗ್ಯಾರೇಜಿನವರು ಜಾಸ್ತಿ ಪ್ಲೇಟ್ ಸೇರಿಸಿದ್ದರು. ಖಾಲಿ ಇದ್ದಾಗ ಹಿಂಭಾಗ ಮೂರು ಇಂಚು ಎತ್ತರ ನಿಲ್ಲುತ್ತಿತ್ತು. ಈ ಜೀಪಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 80 ಇಂಚು. ಹಿಂದೆ 3 ಇಂಚು ಎದ್ದರೆ ಇಡೀ ಗಾಡಿ ಸುಮಾರು 2 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಮುಂಚಕ್ರ ಎಡಕ್ಕೂ ಬಲಕ್ಕೂ ತಿರುಗುವ ಅಚ್ಚೇ ಕಿಂಗ್ ಪಿನ್. ಅದರ ಮೇಲ್ತುದಿ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ವಿಲ್ಲಿಸ್ ಕಂಪನಿ ಕೊಟ್ಟದ್ದೇ 3 ಡಿಗ್ರಿ. ಅದರಲ್ಲಿ 2 ಹೋದರೆ ಉಳಿದದ್ದೆಷ್ಟು? ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗಲು ಬೇಕಾದ ಬಲವೇ ಇಲ್ಲ. ಹಾಗಾಗಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಾಸಿಯ ಎತ್ತರವನ್ನು ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಟೈರಿನ ಗಾಳಿ ಎರಡೂ ಕಡೆ ಒಂದೇ ಇರಲಿ.

ಆಮೇಲೆ ಪ್ಲೇ, ಅಂದರೆ ಸಡಿಲವಾದ ಆಟ ಎಲ್ಲಿದೆ ಅಂತ ಹುಡುಕಬೇಕು. ಮುಂದಿನ ಆಕ್ಸಲ್‌ಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ, ಸೀಟಿನಲ್ಲಿ ಒಬ್ಬರನ್ನು ಕೂರಿಸಿ "ಬ್ರೇಕ್ ಒತ್ತಪ್ಪಾ" ಅನ್ನಿ. ಬ್ರೇಕ್ ಹಿಡಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಆಗಲೂ ಅಲ್ಲಾಡಿದರೆ ಕಿಂಗ್ ಪಿನ್ ಬೇರಿಂಗ್. ಅದಕ್ಕೆ ಶಿಮ್ (ಸಂದಿಗೆ ಹಾಕುವ ತೆಳು ತಗಡು) ತೆಗೆದು ಬಿಗಿ ಮಾಡುವ ಮೊದಲು ಟೈ ರಾಡ್ (ಚಕ್ರವನ್ನು ಎಳೆದು ತಿರುಗಿಸುವ ಸರಳು) ಬಿಚ್ಚಿ, ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ಎಡಕ್ಕೂ ಬಲಕ್ಕೂ ತಿರುಗಿಸಿ. ನೇರ ಬಂದ ಜಾಗದಲ್ಲೇ ಸಣ್ಣಗೆ ಸಿಕ್ಕಿದ ಹಾಗಾಗುತ್ತದಾ? ಹಾಗಿದ್ದರೆ ಗ್ರೀಸ್ ಇಲ್ಲದೆ ಬೇರಿಂಗಿನ ರೋಲರ್‌ಗಳು ಅದರ ಕಪ್‌ನಲ್ಲಿ (ಹೊರಬಳೆಯಲ್ಲಿ) ಗುಂಡಿ ಮಾಡಿವೆ. ಎಷ್ಟು ಶಿಮ್ ತೆಗೆದರೂ ಪ್ರಯೋಜನ ಇಲ್ಲ, ಬೇರಿಂಗೇ ಹೊಸದು ಬೇಕು.

ಬೆಲ್ ಕ್ರ್ಯಾಂಕನ್ನು ಬಹಳ ಜನ ನೋಡುವುದೇ ಇಲ್ಲ, ನನಗೆ ಅದೇ ಬೇಜಾರು. ಮುಂದಿನ ಕ್ರಾಸ್ ಮೆಂಬರ್ ಮೇಲೆ ಕೂತ ಆ ಸಣ್ಣ ತುಂಡೇ ಎರಡೂ ಟೈ ರಾಡ್‌ಗಳನ್ನು ಎಳೆಯುವುದು. ಚಕ್ರ ನೆಲದ ಮೇಲಿರಲಿ, ಇಂಜಿನ್ ಆಫ್ ಇರಲಿ. ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಆಚೆ ಈಚೆ ಆಡಿಸಲಿ. ನೀವು ಅದರ ಪಿನ್ ಮೇಲೆ ಬೆರಳಿಡಿ. ಕ್ರ್ಯಾಂಕ್ ತಿರುಗುವ ಮೊದಲು ಮೇಲೆ ಕೆಳಗೆ ವಾಲಿದರೆ ಒಳಗಿನ ಬೇರಿಂಗ್ ಸವೆದಿದೆ. ಜೊತೆಗೇ ಸ್ಟೀರಿಂಗ್ ಬಾಕ್ಸ್‌ನಿಂದ ಬೆಲ್ ಕ್ರ್ಯಾಂಕಿಗೆ ಬರುವ ಡ್ರ್ಯಾಗ್ ಲಿಂಕ್, ಟೈ ರಾಡ್ ತುದಿಗಳು, ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಶ್ಯಾಕಲ್‌ನ ಬುಷ್‌ಗಳನ್ನೂ ಮುಟ್ಟಿ ನೋಡಿ.

ಕ್ಯಾಂಬರ್, ಅಂದರೆ ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ. ಅದನ್ನು ಅಳೆಯಲು ಒಂದು ತೂಕದ ದಾರ ಸಾಕು. 1.5 ಡಿಗ್ರಿ ಸರಿಯಾದ ಲೆಕ್ಕ. ಚಕ್ರದ ಮೇಲ್ಭಾಗ ಹೊರಕ್ಕೆ ವಾಲಿರಬೇಕು. ಚಕ್ರದ ಹೊರಬದಿಗೆ ಇಳಿಬಿಟ್ಟ ದಾರದಿಂದ ರಿಮ್ಮಿನ ಕೆಳತುದಿಗೆ ಇರುವ ಅಂತರ, ಮೇಲ್ತುದಿಗಿಂತ ಸುಮಾರು 11 ಮಿಲಿಮೀಟರ್ ಜಾಸ್ತಿ ಬರುತ್ತದೆ. ಮೊದಲು ಚಕ್ರ ತಿರುಗಿಸಿ, ರಿಮ್ ಡೊಂಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಈ ಆಕ್ಸಲ್‌ನಲ್ಲಿ ಕ್ಯಾಂಬರ್ ಸರಿಪಡಿಸುವ ವ್ಯವಸ್ಥೆ ಇಲ್ಲ. ಎರಡು ಬದಿಗೂ ವ್ಯತ್ಯಾಸ ಬಂದರೆ ಸ್ಪಿಂಡಲ್ ಅಥವಾ ಆಕ್ಸಲ್ ಬೆಂಡಾಗಿದೆ ಅಂತಲೇ ಅರ್ಥ.

ಎತ್ತರ ಸರಿ ಮಾಡಿದ ಮೇಲೂ ಕ್ಯಾಸ್ಟರ್ ಕಡಿಮೆ ಇದ್ದರೆ ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆ ಪ್ಲೇಟ್ ಹಾಕುತ್ತಾರೆ. ಸ್ಪ್ರಿಂಗ್ ಆಕ್ಸಲ್‌ನ ಕೆಳಗಿರುವುದರಿಂದ ದಪ್ಪ ಬದಿ ಮುಂದಕ್ಕೆ ಬರಬೇಕು. ತುಂಬಾ ದಪ್ಪದ್ದು ಹಾಕಬೇಡಿ. ಆಕ್ಸಲ್‌ನ ಪಿನಿಯನ್ (ಶಾಫ್ಟ್ ಸೇರುವ ತುದಿ) ಕೆಳಕ್ಕೆ ತಿರುಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಪೆಟ್ಟು ಬೀಳುತ್ತದೆ.

ಕೊನೆಗೆ ಟೋ-ಇನ್, ಅಂದರೆ ಎರಡೂ ಮುಂಚಕ್ರಗಳ ಮುಂಬದಿ ತುಸು ಒಳಕ್ಕೆ ತಿರುಗಿರುವುದು. ಮುಂಚಕ್ರ ಎತ್ತಿ, ತಿರುಗಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಹಚ್ಚಿ, ಮೊಳೆಯಿಂದ ತೆಳುವಾದ ಗೆರೆ ಎಳೆಯಿರಿ. ಇಳಿಸಿ, ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ. ಟೈರಿನ ಹಿಂಬದಿಯಲ್ಲಿ ಹಬ್ ಎತ್ತರಕ್ಕೆ ಗೆರೆಗಳ ಮೇಲೆ ಗುರುತು ಹಾಕಿ, ಎರಡು ಗುರುತುಗಳ ನಡುವಿನ ಅಂತರ ಅಳೆಯಿರಿ. ಅದೇ ಗುರುತು ಮುಂದೆ ಬರುವವರೆಗೆ ತಳ್ಳಿ, ಮತ್ತೆ ಅಳೆಯಿರಿ. ಹಿಂದಕ್ಕೆ ತಳ್ಳಬಾರದು, ಲೆಕ್ಕ ತಪ್ಪುತ್ತದೆ. ಮುಂದಿನ ಅಳತೆ 3/64ರಿಂದ 3/32 ಇಂಚು, ಅಂದರೆ 1.2ರಿಂದ 2.4 ಮಿಲಿಮೀಟರ್ ಕಡಿಮೆ ಇರಬೇಕು. ತಿದ್ದುವಾಗ ಸ್ಟೀರಿಂಗ್ ಬಾಕ್ಸ್ ಸರಿಯಾಗಿ ನಡುವೆ ಇರಲಿ. ಆ ಬಾಕ್ಸ್ ಬಿಗಿಯಾಗಿರುವುದು ನಡುವೆ ಮಾತ್ರ. ಮೊದಲು ಒಂದು ಚಕ್ರವನ್ನು ನೇರ ಮಾಡಿಕೊಂಡು, ಇನ್ನೊಂದರ ಟೈ ರಾಡ್‌ನಲ್ಲಿ ಟೋ ಕೂರಿಸಿ. ಕ್ಲ್ಯಾಂಪ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ರಾಡ್ ತಿರುಗುವುದುಂಟು. ಬಿಚ್ಚಿದ ಕಾಟರ್ ಪಿನ್‌ಗಳ ಜಾಗಕ್ಕೆ ಹೊಸದನ್ನೇ ಹಾಕಿ.