ಪಾಡ್‌ಕಾಸ್ಟ್‌ನಿಂದ ಸಮಾಜಕಾರ್ಯ ಕಲಿಯುವುದು ಹೇಗೆ?

ಮೆಜೆಸ್ಟಿಕ್ಕಿನಲ್ಲಿ ಹತ್ತಿದ ಬಸ್ಸು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಒಂದು ಪಾಡ್‌ಕಾಸ್ಟ್ ಕಂತು ಆರಾಮಾಗಿ ಮುಗಿಯುತ್ತದೆ. ಫೀಲ್ಡ್‌ವರ್ಕಿಗೆ ಹೋಗುವ ಎಂಎಸ್‌ಡಬ್ಲ್ಯು (ಸಮಾಜಕಾರ್ಯ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೂ, ಮನೆ ಭೇಟಿಗೆಂದು ದಿನವಿಡೀ ಓಡಾಡುವ ಕಾರ್ಯಕರ್ತರಿಗೂ ಈ ನಗರ ಕೊಡುವ ಓದಿನ ವೇಳೆ ಅದೇ. ಆ ಹೊತ್ತನ್ನು ಬಿಡಬೇಡಿ ಎಂದು ನನ್ನ ಜೊತೆ ತರಬೇತಿಗೆ ಬರುವ ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ. ಆದರೆ ಹಾಡು ಕೇಳುವಂತೆ ಕೇಳಿದರೆ ಬಸ್ಸಿಳಿಯುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪುಸ್ತಕ ಕೊಡಲಾರದ ಒಂದು ಸಂಗತಿ ಪಾಡ್‌ಕಾಸ್ಟಿನಲ್ಲಿದೆ: ದನಿ. ಪಳಗಿದವರು ಪ್ರಶ್ನೆಯನ್ನು ಹೇಗೆ ಇಡುತ್ತಾರೆ, ಎಲ್ಲಿ ತಡೆಯುತ್ತಾರೆ, ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದು ಕಿವಿಯಿಂದಲೇ ಬರಬೇಕಾದ ವಿದ್ಯೆ.

ಮೊದಲು ಪ್ರಶ್ನೆ, ಆಮೇಲೆ ಹುಡುಕಾಟ

ಡೈರಿಯ ಕೊನೆಯ ಪುಟದಲ್ಲಿ ಈ ವಾರ ನಿಮ್ಮನ್ನು ಕಾಡಿದ ಒಂದು ಪ್ರಶ್ನೆ ಬರೆದುಕೊಳ್ಳಿ. ‘ಶಾಲೆ ಬಿಟ್ಟ ಹುಡುಗನ ಅಪ್ಪ ನನ್ನ ಮುಖವನ್ನೇ ನೋಡಲಿಲ್ಲ, ಮುಂದಿನ ಸಲ ಮಾತು ಎಲ್ಲಿಂದ ಶುರು ಮಾಡಲಿ?’ ಎಂಬಂಥದ್ದು. ‘ಕೌನ್ಸೆಲಿಂಗ್’ ಎಂದು ಹುಡುಕಿದರೆ ಸಾವಿರ ಕಂತು ಬರುತ್ತವೆ. ಮಾತಾಡಲು ಒಪ್ಪದವರೊಂದಿಗಿನ ಸಂದರ್ಶನ ಎಂದು ಹುಡುಕಿದರೆ ನಿಮಗೆ ಬೇಕಾದದ್ದರ ಹತ್ತಿರ ಬರುತ್ತೀರಿ.

ಇಂಗ್ಲಿಷ್ ತಿಳಿದವರು ಎರಡರಿಂದ ಆರಂಭಿಸಬಹುದು. ಅಮೆರಿಕದ ಪ್ರಾಧ್ಯಾಪಕ ಜೊನಾಥನ್ ಸಿಂಗರ್ 2007ರಲ್ಲಿ ಶುರು ಮಾಡಿದ ‘ಸೋಶಿಯಲ್ ವರ್ಕ್ ಪಾಡ್‌ಕಾಸ್ಟ್’ ಒಂದು. ಬಫಲೊ ವಿಶ್ವವಿದ್ಯಾಲಯದ ಸಮಾಜಕಾರ್ಯ ಶಾಲೆಯ ‘ಇನ್‌ಸೋಶಿಯಲ್‌ವರ್ಕ್’ ಇನ್ನೊಂದು. ಎರಡೂ ಉಚಿತ. ಕನ್ನಡದ ಕಿವಿ ಪಳಗಲು ನಮ್ಮೂರಿನ ಸಮುದಾಯ ಬಾನುಲಿ ರೇಡಿಯೋ ಆಕ್ಟಿವ್ 90.4 ಕೇಳಿ. ಜನ ತಮ್ಮ ಕಷ್ಟಸುಖವನ್ನು ತಮ್ಮದೇ ಮಾತಿನಲ್ಲಿ ಹೇಳುವುದನ್ನು ಕೇಳುವುದೂ ಈ ಕಲಿಕೆಯ ಭಾಗವೇ.

ಪ್ಲೇ ಒತ್ತುವ ಮುನ್ನ ಎರಡು ವಿಷಯ ನೋಡಿಕೊಳ್ಳಿ: ಮಾತಾಡುವವರು ಯಾರು, ಕಂತು ಯಾವಾಗಿನದು. 2024ರ ಜುಲೈ 1ಕ್ಕೆ ಮೊದಲು ಧ್ವನಿಮುದ್ರಿಸಿದ ಭಾರತೀಯ ಕಂತೊಂದರಲ್ಲಿ ಭಾರತೀಯ ದಂಡ ಸಂಹಿತೆಯ ಸೆಕ್ಷನ್‌ಗಳು ಬಂದರೆ ಅವನ್ನು ಹಾಗೆಯೇ ಬರೆದುಕೊಳ್ಳಬೇಡಿ. ಅಂದಿನಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ.

ಡೇಟಾ ಚಿಂತೆ ಬೇಡ. ಅರ್ಧ ಗಂಟೆಯ ಕಂತು 128 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 29 ಎಂಬಿ. ರಾತ್ರಿ ವೈಫೈ ಇರುವಲ್ಲಿ ಇಳಿಸಿಕೊಂಡರೆ ಮುಗಿಯಿತು.

ಮೌನ ಕತ್ತರಿಸಬೇಡಿ

ಹಲವು ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ ಮಾತಿನ ನಡುವಿನ ಮೌನವನ್ನು ತಾನಾಗಿಯೇ ಕತ್ತರಿಸುವ ಸೌಲಭ್ಯವಿದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ವೇಗವನ್ನು ಒಂದೂವರೆ ಪಟ್ಟು ಮಾಡುವ ಅಭ್ಯಾಸವನ್ನೂ ಬಿಡಿ. ಸುದ್ದಿಗೆ ಅದು ಸರಿ, ನಮ್ಮ ಕೆಲಸಕ್ಕಲ್ಲ. ಅಳು ತಡೆದುಕೊಂಡವರ ಎದುರು ಸಂದರ್ಶಕರು ಮೂರು ಸೆಕೆಂಡು ಸುಮ್ಮನಿದ್ದರಲ್ಲ, ನಾವು ಕಲಿಯಬೇಕಾದದ್ದು ಆ ಮೂರು ಸೆಕೆಂಡನ್ನೇ. ಹೊಸಬರು ಕ್ಷೇತ್ರದಲ್ಲಿ ಹೆಚ್ಚಾಗಿ ಎಡವುವುದೂ ಅಲ್ಲೇ. ಮೌನಕ್ಕೆ ಹೆದರಿ ಇನ್ನೊಂದು ಪ್ರಶ್ನೆ ಹಾಕಿಬಿಡುತ್ತಾರೆ, ಬಾಯಿಗೆ ಬಂದಿದ್ದ ಮಾತನ್ನು ಎದುರಿನವರು ನುಂಗಿಕೊಳ್ಳುತ್ತಾರೆ.

ಒಮ್ಮೆ ಕಂತನ್ನು ಪೂರ್ತಿ ಕೇಳಿ. ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಎರಡು ನಿಮಿಷ ಎಲ್ಲಿದೆ ಎಂದು ಗುರುತು ಹಾಕಿ, ಅಷ್ಟನ್ನೇ ಮತ್ತೆ ಮತ್ತೆ ಕೇಳಿ. ಅಲ್ಲಿ ಸಂದರ್ಶಕರು ಕೇಳಿದ ಪ್ರಶ್ನೆಯನ್ನು ಅಕ್ಷರಶಃ ಬರೆದುಕೊಳ್ಳಿ.

ಕನ್ನಡಕ್ಕೆ ತಂದು ಬಾಯಲ್ಲಿ ಹೇಳಿ ನೋಡಿ

ಬಹುಪಾಲು ಜನ ಬಿಟ್ಟುಬಿಡುವ ಹೆಜ್ಜೆ ಇದು. ಒಂದು ಉದಾಹರಣೆ ಕೊಡುತ್ತೇನೆ. ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ಈ ವಿಷಯದ ಕಂತುಗಳಲ್ಲಿ ತಜ್ಞರು ಹೇಳುತ್ತಾರೆ. ಕೇಳಿಸಿಕೊಂಡವರು ತಲೆಯಾಡಿಸುತ್ತಾರೆ. ಆದರೆ ಮರುದಿನ ಗುಡಿಸಲಿನ ಬಾಗಿಲಲ್ಲಿ ತಾಯಿಯೊಬ್ಬಳ ಎದುರು ಕುಳಿತಾಗ ಅದೇ ಕೇಳುಗರ ಬಾಯಿಂದ ಬರುವುದು, ‘ಏನೂ ತಪ್ಪು ಯೋಚನೆ ಮಾಡುತ್ತಿಲ್ಲ ತಾನೇ?’ ಆ ‘ತಾನೇ’ಯೇ ‘ಇಲ್ಲ’ ಎಂಬ ಉತ್ತರವನ್ನು ಕೇಳಿ ಪಡೆಯುತ್ತದೆ. ‘ತಪ್ಪು’ ಎಂಬ ಮಾತು ಆ ತಾಯಿಯನ್ನು ಆಗಲೇ ತಪ್ಪಿತಸ್ಥೆಯನ್ನಾಗಿಸಿದೆ.

ಅದಕ್ಕೆ ಬದಲಾಗಿ, ‘ಇಷ್ಟೊಂದು ಕಷ್ಟ ಬಂದಾಗ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ. ನಿಮಗೂ ಸಾಯಬೇಕು ಅನ್ನಿಸಿದೆಯೇ ಅಕ್ಕ?’ ಎಂದು ಕೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಈ ಎರಡು ವಾಕ್ಯವನ್ನು ಗೆಳತಿಯನ್ನು ಎದುರು ಕೂರಿಸಿಕೊಂಡು ಜೋರಾಗಿ ಹೇಳಿ ನೋಡಿ. ಮೊದಲ ಸಲ ಗಂಟಲು ಕಟ್ಟುತ್ತದೆ, ನಾಲ್ಕನೆಯ ಸಲಕ್ಕೆ ದನಿ ಸ್ಥಿರವಾಗುತ್ತದೆ. ‘ಹೌದು’ ಎಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಸೂಪರ್‌ವೈಸರ್‌ಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರ.

ಕಾನೂನು ನಮ್ಮದೇ ಇರಲಿ

ಅಮೆರಿಕದ ಕಂತಿನಲ್ಲಿ ಮಗುವಿನ ಮೇಲಿನ ದೌರ್ಜನ್ಯಕ್ಕೆ ಅಲ್ಲಿನ ರಾಜ್ಯದ ಇಲಾಖೆಗೆ ಕರೆ ಮಾಡಿ ಎನ್ನುತ್ತಾರೆ. ಇಲ್ಲಿ ಮಕ್ಕಳ ಸಹಾಯವಾಣಿ 1098, ಬಾಲನ್ಯಾಯ ಕಾಯ್ದೆ 2015ರ ಅಡಿಯ ಮಕ್ಕಳ ಕಲ್ಯಾಣ ಸಮಿತಿ ಇವೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆ 2012ರ ಸೆಕ್ಷನ್ 19ರಂತೆ ಪೊಲೀಸರಿಗೆ ತಿಳಿಸುವುದು ಎಲ್ಲರ ಮೇಲಿರುವ ಕರ್ತವ್ಯ. ಗೋಪ್ಯತೆಯ ಬಗ್ಗೆ ಕೇಳಿದ್ದನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 23ರ ಪಕ್ಕದಲ್ಲಿಟ್ಟು ಓದಿ. ಡೈರಿಯಲ್ಲಿ ಎಡಕ್ಕೆ ‘ಅಲ್ಲಿ’, ಬಲಕ್ಕೆ ‘ಇಲ್ಲಿ’ ಎಂದು ಎರಡು ಕಾಲಂ ಎಳೆದುಕೊಂಡರೆ ಗೊಂದಲವಿಲ್ಲ.

ತಿಂಗಳಿಗೊಮ್ಮೆ ನಾಲ್ಕೈದು ಜನ ಸೇರಿ ಒಂದೇ ಕಂತನ್ನು ಚರ್ಚಿಸಿ. ನಿಮ್ಮ ಕೇಸುಗಳನ್ನು ಅಲ್ಲಿ ಹೇಳುವಾಗ ಹೆಸರು ಮಾತ್ರವಲ್ಲ, ಬೀದಿ, ಶಾಲೆ, ಕೆಲಸದ ಜಾಗವನ್ನೂ ಬಿಡಿ. ಬಡಾವಣೆ ಚಿಕ್ಕದು, ಗುರುತು ಹಿಡಿಯುವುದು ಸುಲಭ. ದಿನವೆಲ್ಲ ಸಂಕಟ ಕೇಳಿ ಬಂದ ಸಂಜೆ ದೌರ್ಜನ್ಯದ ಕಂತು ಹಾಕಿಕೊಳ್ಳಬೇಡಿ. ಅಂದು ಹಾಡನ್ನೇ ಕೇಳಿ.

ಇನ್ನೊಂದು ಮಾತು. ಬಸ್ಸಿಳಿದು ಗಲ್ಲಿಯ ಬಾಯಿಗೆ ಬಂದಾಗಲೇ ಇಯರ್‌ಫೋನ್ ತೆಗೆದು ಚೀಲದೊಳಗೆ ಹಾಕಿ. ನೀರಿನ ಟ್ಯಾಂಕರಿಗೆ ಬಿಂದಿಗೆ ಸಾಲಿಟ್ಟು ನಿಂತ ಹೆಂಗಸರು ನಿಮ್ಮನ್ನು ದೂರದಿಂದಲೇ ನೋಡಿರುತ್ತಾರೆ. ಶಾಲೆ ಬಿಟ್ಟ ಹುಡುಗ ಈಗ ಎಲ್ಲಿ ಕೆಲಸಕ್ಕೆ ಹೋಗುತ್ತಿದ್ದಾನೆ ಎಂಬುದನ್ನು ಅವನ ಮನೆ ತಲುಪುವ ಮೊದಲೇ ಅವರಲ್ಲೊಬ್ಬರು ನಿಮಗೆ ಹೇಳಬಹುದು.