ಬಾಲ್ಕನಿಗೆ ಯಾವ ಟೊಮೆಟೊ? ಗಿಡ್ಡ ತಳಿ ಆರಿಸುವುದು ಹೀಗೆ

ಬೀಜದ ಪೊಟ್ಟಣ ಕೊಳ್ಳುವಾಗ ನಾವು ನೋಡುವುದು ಹಣ್ಣಿನ ಚಿತ್ರವನ್ನು. ಗಿಡ ಎಷ್ಟೆತ್ತರ ಹೋಗುತ್ತದೆ ಎಂಬುದು ಹಿಂಬದಿಯ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲವು ಪೊಟ್ಟಣಗಳಲ್ಲಿ ಅದೂ ಇರುವುದಿಲ್ಲ. ಎರಡು ತಿಂಗಳ ಮೇಲೆ ಗಿಡ ಗ್ರಿಲ್ ದಾಟಿ ಮೇಲಿನ ಮನೆಯವರ ಬಟ್ಟೆ ತಂತಿಗೆ ಕೈ ಹಾಕಿದಾಗಲೇ ವಿಷಯ ತಿಳಿಯುವುದು.

ಅಡುಗೆಮನೆಯ ಟೊಮೆಟೊವನ್ನೇ ಹಿಂಡಿ ಕುಂಡಕ್ಕೆ ಹಾಕುವವರ ಕಥೆಯೂ ಇದೇ. ಕೋಲಾರ, ಚಿಂತಾಮಣಿ ಕಡೆಯಿಂದ ಬರುವ ಹಣ್ಣಿನಲ್ಲಿ ಹೆಚ್ಚಿನದು ಹೈಬ್ರಿಡ್. ಹೊಲದಲ್ಲಿ ಕೋಲು ನೆಟ್ಟು, ತಂತಿ ಎಳೆದು, ದಾರ ಕಟ್ಟಿ ಬೆಳೆಸುವ ಗಿಡ ಅದು. ಅದರ ಬೀಜ ನಿಮ್ಮ 8 ಇಂಚಿನ ಕುಂಡದಲ್ಲೂ ಮೇಲೇರಲು ನೋಡುತ್ತದೆ. ಬೇರಿಗೆ ಜಾಗ ಸಾಲದೆ ಸೊರಗುತ್ತದೆ.

ಹಾಗಾಗಿ ಸಣ್ಣ ಜಾಗದವರು ಹಣ್ಣಿಗಿಂತ ಮೊದಲು ಗಿಡವನ್ನು ಆರಿಸಬೇಕು. ಅದಕ್ಕೂ ಮೊದಲು ಬಿಸಿಲು, ಕುಂಡ ಎರಡನ್ನೂ ಲೆಕ್ಕ ಹಾಕಬೇಕು.

ಹೆಜ್ಜೆ 1: ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?

ಟೊಮೆಟೊಗೆ ದಿನಕ್ಕೆ ಸುಮಾರು 6 ಗಂಟೆ ನೇರ ಬಿಸಿಲು ಬೇಕು. ಬೆಳಕು ಬೇರೆ, ಬಿಸಿಲು ಬೇರೆ. ರಜೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೋಗಿ, ಕುಂಡ ಇಡುವ ಜಾಗದಲ್ಲಿ ಬಿಸಿಲು ಇದೆಯೋ ಇಲ್ಲವೋ ಬರೆದಿಡಿ. ಅಷ್ಟು ಸಾಕು.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ವರ್ಷವಿಡೀ ಒಂದೇ ಬಿಸಿಲು ಇರುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆಗ ಮೇಲಿನ ಮನೆಯ ಸ್ಲ್ಯಾಬ್ ಇಡೀ ಬಾಲ್ಕನಿಗೆ ನೆರಳು ಕೊಡುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿ ಬಿಸಿಲು ಒಳಗಿನ ಗೋಡೆವರೆಗೂ ಬರುತ್ತದೆ. ದಕ್ಷಿಣದ ಬಾಲ್ಕನಿಯವರು ಚಳಿಗಾಲದ ಬೆಳೆಗೇ ತಯಾರಾಗುವುದು ಒಳ್ಳೆಯದು.

6 ಗಂಟೆ ಸಿಕ್ಕರೆ ಯಾವ ತಳಿಯಾದರೂ ಸರಿ. 4–5 ಗಂಟೆಯಾದರೆ ಚೆರ್ರಿ ಗಾತ್ರದ ಹಣ್ಣು ಬಿಡುವ ಪುಟ್ಟ ಗಿಡಗಳು. ಅದಕ್ಕಿಂತ ಕಡಿಮೆಯಾದರೆ ಟೊಮೆಟೊ ಬಿಡಿ, ಪುದೀನಾ ಹಾಕಿ.

ಹೆಜ್ಜೆ 2: ಕುಂಡ ಎಷ್ಟು ದೊಡ್ಡದು ಇಡಬಲ್ಲಿರಿ?

20 ಲೀಟರ್ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ತೂಕ 20 ಕಿಲೋ ದಾಟುತ್ತದೆ. ಅಂಥ ನಾಲ್ಕು ಕುಂಡಗಳನ್ನು ಬಾಲ್ಕನಿಯ ತುದಿಯಲ್ಲಿ ಸಾಲಾಗಿ ಇಡಬೇಡಿ. ಗೋಡೆಯ ಬದಿಗೆ ಇಡಿ. ಬರೀ ಕೆಂಪುಮಣ್ಣಿನ ಬದಲು ಕೆಂಪುಮಣ್ಣು, ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದರೆ ಭಾರವೂ ಇಳಿಯುತ್ತದೆ, ಬೇರಿಗೂ ಹಿತ.

ಹೆಜ್ಜೆ 3: ಯಾವ ಬಗೆಯ ಗಿಡ್ಡ?

ಗೊಂದಲ ಶುರುವಾಗುವುದೇ ಇಲ್ಲಿ. ಅಂಗಡಿಯವರಿಗೆ ನೆಲಕ್ಕೆ ಹತ್ತಿರ ಇರುವುದೆಲ್ಲ ‘ಡ್ವಾರ್ಫ್’. ಆದರೆ ಗಿಡ್ಡ ಟೊಮೆಟೊಗಳಲ್ಲಿ ಬೇರೆ ಬೇರೆ ಬಗೆಗಳಿವೆ. ಅವುಗಳ ಗುಣ, ಅವುಗಳಿಗೆ ಬೇಕಾದ ಕುಂಡ, ಹಣ್ಣು ಬಿಡುವ ರೀತಿ ಎಲ್ಲವೂ ಬೇರೆ.

ಮೈಕ್ರೋ ಡ್ವಾರ್ಫ್: ಅಂಗೈಯಿಂದ ಮೊಣಕೈವರೆಗಿನ ಎತ್ತರ, ಅಷ್ಟೇ. 6–8 ಇಂಚಿನ ಕುಂಡ ಸಾಕು, ಕಿಟಕಿಯ ಕಟ್ಟೆಯ ಮೇಲೂ ಬದುಕುತ್ತದೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯ 1989ರಲ್ಲಿ ಹೊರತಂದ ಮೈಕ್ರೋ ಟಾಮ್ ಸುಮಾರು 15 ಸೆಂಟಿಮೀಟರ್ ಎತ್ತರದ ಗಿಡ. ಬೇಗ ಹಣ್ಣು ಬಿಡುವ ಕಾರಣಕ್ಕೆ ಈಗ ಅದು ಪ್ರಯೋಗಾಲಯಗಳ ಮುದ್ದಿನ ಗಿಡವಾಗಿದೆ. 1945ರ ಟೈನಿ ಟಿಮ್ ಇನ್ನೂ ಹಳೆಯದು. ಆರೆಂಜ್ ಹ್ಯಾಟ್, ರೆಡ್ ರಾಬಿನ್ ಕೂಡ ಇದೇ ಗುಂಪಿನವು. ರೆಡ್ ರಾಬಿನ್ ಬಾಹ್ಯಾಕಾಶ ನಿಲ್ದಾಣಕ್ಕೂ ಹೋಗಿದೆ. ಗಗನಯಾತ್ರಿ ಫ್ರಾಂಕ್ ರೂಬಿಯೊ ಅಲ್ಲಿ ಬೆಳೆದ ಹಣ್ಣನ್ನು ಎಲ್ಲೋ ಕಳೆದುಕೊಂಡರು. ಅವರೇ ತಿಂದಿರಬೇಕು ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಅವರು ಭೂಮಿಗೆ ಮರಳಿದ ಮೇಲೆ, 2023ರ ಡಿಸೆಂಬರ್‌ನಲ್ಲಿ, ಅದು ಒಣಗಿದ ಸ್ಥಿತಿಯಲ್ಲಿ ಸಿಕ್ಕಿತು!

ಮೈಕ್ರೋ ಗಿಡಗಳ ಬಗ್ಗೆ ನೇರವಾಗಿ ಹೇಳುವುದಾದರೆ ರುಚಿ ಸುಮಾರು. ಒಂದು ಗಿಡದಿಂದ ಸಿಗುವುದು ಬಟ್ಟಲು ತುಂಬ ಪುಟ್ಟ ಹಣ್ಣು. ಮಕ್ಕಳಿಗೆ ಖುಷಿ, ನೋಡಲು ಚೆಂದ, ಸಲಾಡ್‌ಗೆ ಆಗುತ್ತದೆ. ಸಾರಿಗೆ ಸಾಲದು.

ಪೊದೆ ಟೊಮೆಟೊ: ಪೊಟ್ಟಣದ ಮೇಲೆ ‘ಡಿಟರ್ಮಿನೇಟ್’ ಎಂದು ಬರೆದಿರುತ್ತದೆ. ಕಾಂಡದ ತುದಿಯಲ್ಲಿ ಹೂಗೊಂಚಲು ಬಂದಾಗ ಗಿಡದ ಬೆಳವಣಿಗೆ ತಾನಾಗಿ ನಿಲ್ಲುತ್ತದೆ. ಸಾಮಾನ್ಯವಾಗಿ 2ರಿಂದ 4 ಅಡಿ. ಹಣ್ಣೆಲ್ಲ ಕೆಲವೇ ವಾರಗಳಲ್ಲಿ ಒಟ್ಟಿಗೆ ಬರುತ್ತದೆ. ಗೊಜ್ಜು, ಉಪ್ಪಿನಕಾಯಿ, ತೊಕ್ಕು ಮಾಡಿ ಇಡುವವರಿಗೆ ಇದು ಅನುಕೂಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಅರ್ಲಿ ಡ್ವಾರ್ಫ್, ಉದ್ದ ಹಣ್ಣಿನ ರೋಮಾ, ಕುಂಡಕ್ಕೆಂದೇ ಮಾಡಿದ ಪ್ಯಾಶಿಯೊ ಈ ಬಗೆಯವು. 12–15 ಇಂಚಿನ ಗ್ರೋ ಬ್ಯಾಗ್ ಬೇಕು. ಈ ಗಿಡದ ಕಂಕುಳ ಚಿಗುರನ್ನು, ಅಂದರೆ ಕಾಂಡಕ್ಕೆ ಎಲೆ ಸೇರುವ ಸಂದಿಯಲ್ಲಿ ಬರುವ ಚಿಗುರನ್ನು, ಚಿವುಟಬೇಡಿ. ವಿಡಿಯೊ ನೋಡಿ ಎಲ್ಲರೂ ಸುಮ್ನೆ ಚಿವುಟುತ್ತಾರೆ. ಬೆಳವಣಿಗೆಗೆ ಮೊದಲೇ ಮಿತಿ ಇರುವ ಗಿಡದಲ್ಲಿ ಚಿಗುರು ಕಿತ್ತರೆ ಹಣ್ಣು ಕಿತ್ತಂತೆಯೇ.

ನಿಜವಾದ ಡ್ವಾರ್ಫ್: ನನಗೆ ಹೆಚ್ಚು ಇಷ್ಟವಾದ ಗುಂಪು ಇದು. ದಪ್ಪ ಕಾಂಡ, ಹತ್ತಿರ ಹತ್ತಿರ ಎಲೆ, ಕಡು ಹಸಿರು ಬಣ್ಣ. ಬೆಳವಣಿಗೆ ಪೂರ್ತಿ ನಿಲ್ಲುವುದಿಲ್ಲ, ಆದರೆ ತುಂಬಾ ನಿಧಾನ. ಎತ್ತರ 3–4 ಅಡಿಗೆ ಬರುತ್ತದೆ. ಹಣ್ಣು ಒಮ್ಮೆಲೇ ಮುಗಿಯದೆ ತಿಂಗಳುಗಟ್ಟಲೆ ನಾಲ್ಕಾರು ಸಿಗುತ್ತಲೇ ಇರುತ್ತದೆ. ದಿನದ ಅಡುಗೆಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ? 20 ಲೀಟರ್ ಕುಂಡ, ಒಂದು ಗಟ್ಟಿ ಕೋಲು ಇದ್ದರಾಯಿತು.

ಹಿಂದೆ ಈ ಗುಂಪಿನಲ್ಲಿ ಆಯ್ಕೆ ಕಡಿಮೆ ಇತ್ತು. ಅಮೆರಿಕದಲ್ಲಿ 1909ರಲ್ಲಿ ಮಾರಾಟಕ್ಕೆ ಬಂದ ನ್ಯೂ ಬಿಗ್ ಡ್ವಾರ್ಫ್‌ನಂಥ ಕೆಲವೇ ತಳಿಗಳು ಉಳಿದಿದ್ದವು. 2005–06ರ ಹೊತ್ತಿಗೆ ಇಬ್ಬರು ಹವ್ಯಾಸಿಗಳು, ಅಮೆರಿಕದ ನಾರ್ತ್ ಕೆರೊಲಿನಾದ ಕ್ರೇಗ್ ಲೆಹೂಲಿಯರ್ ಮತ್ತು ಆಸ್ಟ್ರೇಲಿಯಾದ ಪಟ್ರೀನಾ ನಸ್ಕೆ ಸ್ಮಾಲ್, ‘ಡ್ವಾರ್ಫ್ ಟೊಮೆಟೊ ಪ್ರಾಜೆಕ್ಟ್’ ಶುರು ಮಾಡಿದರು. ರುಚಿಗೆ ಹೆಸರಾದ ಎತ್ತರದ ಹಳೇ ತಳಿಗಳ ಜೊತೆ ಗಿಡ್ಡ ಗಿಡಗಳನ್ನು ಕೂಡಿಸುವುದು ಕೆಲಸ. ಗಿಡ್ಡತನದ ಗುಣ ಮೊದಲ ತಲೆಮಾರಿನಲ್ಲಿ ಅಡಗಿರುತ್ತದೆ, ಮಕ್ಕಳೆಲ್ಲ ಎತ್ತರ. ಮೊಮ್ಮಕ್ಕಳಲ್ಲಿ ನಾಲ್ಕಕ್ಕೊಂದು ಗಿಡ್ಡ ಗಿಡ ಹುಟ್ಟುತ್ತದೆ. ಅದರಲ್ಲಿ ರುಚಿಯಾದ್ದನ್ನು ಆರಿಸಿ, ಮತ್ತೆ ಬಿತ್ತಿ, ಗುಣ ನಿಲ್ಲುವವರೆಗೆ ತಲೆಮಾರುಗಟ್ಟಲೆ ಕಾಯಬೇಕು. ಅಮೆರಿಕದಲ್ಲಿ ಬೇಸಿಗೆಯಾದಾಗ ಆಸ್ಟ್ರೇಲಿಯಾದಲ್ಲಿ ಚಳಿಗಾಲ. ಹೀಗಾಗಿ ಬೀಜ ಅಲ್ಲಿಂದಿಲ್ಲಿಗೆ ಓಡಾಡಿ ವರ್ಷಕ್ಕೆ ಎರಡು ತಲೆಮಾರು ಸಿಕ್ಕಿತು. ಸಂಬಳವಿಲ್ಲದ ಸ್ವಯಂಸೇವಕರು ಸೇರಿ ನೂರಕ್ಕೂ ಹೆಚ್ಚು ತಳಿ ಹೊರತಂದಿದ್ದಾರೆ. ನೇರಳೆ ಛಾಯೆಯ ರೊಸೆಲ್ಲಾ ಪರ್ಪಲ್, ಕಂದುಗೆಂಪಿನ ಟಾಸ್ಮೇನಿಯನ್ ಚಾಕೊಲೇಟ್, ಹಳದಿಯ ಡ್ವಾರ್ಫ್ ಸ್ವೀಟ್ ಸೂ ಇವುಗಳಲ್ಲಿ ಹೆಸರು ಮಾಡಿದವು.

ಇವು ನಮ್ಮ ಸಾಮಾನ್ಯ ನರ್ಸರಿಗಳಲ್ಲಿ ಸಿಗುವುದು ಕಷ್ಟ. ಆನ್‌ಲೈನ್‌ನಲ್ಲಿ ಹುಡುಕಬೇಕು. ಅಮೆರಿಕದಲ್ಲಿರುವ ಮಗಳು ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತರಲಿ ಎಂದುಕೊಳ್ಳಬೇಡಿ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬಿತ್ತನೆ ಬೀಜ ತರಲು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.

ಇಳಿಬೀಳುವ ಟೊಮೆಟೊ: ಟಂಬ್ಲಿಂಗ್ ಟಾಮ್, ಟಂಬ್ಲರ್ ತಳಿಗಳ ಕೊಂಬೆಗಳು ತೂಗುಬುಟ್ಟಿಯಿಂದ ಕೆಳಗೆ ಜೋತುಬೀಳುತ್ತವೆ. ನೆಲದಲ್ಲಿ ಒಂದಡಿ ಜಾಗವೂ ಇಲ್ಲದವರಿಗೆ ಇದು ಸರಿ. ಗಾಳಿಗೆ ಬುಟ್ಟಿ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಎರಡು ಹೊತ್ತು ನೀರು ಬೇಕು.

ಹೆಜ್ಜೆ 4: ಊರು, ಹಂಗಾಮು, ರೋಗ

ರಾತ್ರಿ ತಾಪಮಾನ 15ರಿಂದ 20 ಡಿಗ್ರಿ ಆಸುಪಾಸು ಇದ್ದಾಗ ಟೊಮೆಟೊ ಚೆನ್ನಾಗಿ ಕಾಯಿ ಕಟ್ಟುತ್ತದೆ. ಹಗಲು 35 ದಾಟಿದರೆ ಹೂವು ಉದುರತೊಡಗುತ್ತದೆ. ಬೆಂಗಳೂರು, ಮೈಸೂರಿನವರು ವರ್ಷದ ಹೆಚ್ಚಿನ ಕಾಲ ಬೆಳೆಯಬಹುದು. ಕಲಬುರಗಿ, ರಾಯಚೂರಿನವರು ಸೆಪ್ಟೆಂಬರ್ ಸುಮಾರಿಗೆ ಬಿತ್ತಿ, ಬೇಸಿಗೆ ಬರುವುದರೊಳಗೆ ಹಣ್ಣು ಮುಗಿಸಬೇಕು. ಅಲ್ಲಿಗೆ ಬೇಗ ಬರುವ ಮೈಕ್ರೋ ಅಥವಾ ಪೊದೆ ತಳಿಯೇ ಸರಿ. ನಿಧಾನದ ಡ್ವಾರ್ಫ್‌ಗೆ ಸಮಯ ಸಾಲದೆ ಹೋಗಬಹುದು. ಮಂಗಳೂರು, ಉಡುಪಿ ಕಡೆ ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಶುರು ಮಾಡಿ. ಅಲ್ಲಿನ ಹುಳಿ ಮಣ್ಣಿನಲ್ಲಿ ದುಂಡಾಣು ಸೊರಗು ರೋಗ ಜಾಸ್ತಿ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿ ಮಲಗುತ್ತದೆ. ತೋಟದ ಮಣ್ಣು ತುಂಬದೆ ಹೊಸ ಮಿಶ್ರಣ ತುಂಬಿ.

ಇಡೀ ರಾಜ್ಯಕ್ಕೆ ತಲೆನೋವಾಗಿರುವುದು ಎಲೆ ಮುದುಡು ರೋಗ. ಬಿಳಿ ನೊಣ ಹರಡುವ ವೈರಸ್ ಅದು, ಬೇಸಿಗೆಯಲ್ಲಿ ಕಾಟ ಹೆಚ್ಚು. ವಿದೇಶಿ ಪುಟ್ಟ ತಳಿಗಳು ಇದನ್ನು ತಡೆಯುತ್ತವೆ ಎಂದು ನಂಬಿ ಕೂರಬೇಡಿ. ಸಸಿ ಹಂತದಲ್ಲಿ ಸಣ್ಣ ಕಣ್ಣಿನ ನೈಲಾನ್ ಪರದೆ ಹೊದಿಸಿ. ಇಷ್ಟೆಲ್ಲ ಜತನ ಬೇಡ ಎನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದೆ. ಎಲೆ ಮುದುಡು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್ ಅದು. ಗಿಡ್ಡ ತಳಿಯಲ್ಲ, ಅರೆ ಪೊದೆ. ದೊಡ್ಡ ಗ್ರೋ ಬ್ಯಾಗ್, ಆಸರೆ ಕೋಲು ಬೇಕೇ ಬೇಕು. ಟೆರೇಸ್ ಇದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ, ಬಾಲ್ಕನಿಯವರಿಗೆ ಹೇಳುವುದಿಲ್ಲ.

ನಿಜವಾದ ಡ್ವಾರ್ಫ್ ಗಿಡದ ಎಲೆ ಹುಟ್ಟಿನಿಂದಲೇ ಸುಕ್ಕು ಸುಕ್ಕು. ಇದನ್ನು ನೋಡಿ ಮುದುಡು ರೋಗ ಬಂತೆಂದು ಒಳ್ಳೆಯ ಗಿಡ ಕಿತ್ತು ಎಸೆಯುವವರಿದ್ದಾರೆ. ವ್ಯತ್ಯಾಸ ಸುಲಭ. ಡ್ವಾರ್ಫ್ ಎಲೆ ದಪ್ಪ, ಕಡು ಹಸಿರು, ಎಲ್ಲ ಎಲೆಯೂ ಒಂದೇ ಥರ. ರೋಗ ತಗುಲಿದ ಗಿಡದಲ್ಲಿ ಹಳೆಯ ಎಲೆ ನೆಟ್ಟಗಿದ್ದು ಹೊಸ ಚಿಗುರು ಮಾತ್ರ ಚಿಕ್ಕದಾಗುತ್ತದೆ, ಅಂಚು ಹಳದಿಯಾಗಿ ಮೇಲಕ್ಕೆ ದೊನ್ನೆಯಂತೆ ಮಡಚುತ್ತದೆ.

ಹೆಜ್ಜೆ 5: ಹಣ್ಣಿನ ಗಾತ್ರ

ಈಗ ಹಣ್ಣಿನ ಸರದಿ. ಕುಂಡ ಸಣ್ಣದಾದಷ್ಟೂ ಹಣ್ಣು ಸಣ್ಣದಿರಲಿ. ಚಿಕ್ಕ ಕುಂಡ ಮಧ್ಯಾಹ್ನಕ್ಕೇ ಒಣಗುತ್ತದೆ, ಸಂಜೆ ನಾವು ಸುರಿದು ತುಂಬಿಸುತ್ತೇವೆ. ನೀರು ಹೀಗೆ ಏರುಪೇರಾದರೆ ಕ್ಯಾಲ್ಸಿಯಂ ಕಾಯಿಗೆ ಸರಿಯಾಗಿ ತಲುಪುವುದಿಲ್ಲ. ಕಾಯಿಯ ತಳ ಕಪ್ಪಾಗಿ ಕುಳಿಬೀಳುತ್ತದೆ. ರೋಮಾದಂಥ ಉದ್ದ ಹಣ್ಣಿಗೆ ಈ ತೊಂದರೆ ಬೇಗ ತಟ್ಟುತ್ತದೆ, ಚೆರ್ರಿಗೆ ಅಪರೂಪ. ಬೆಳಿಗ್ಗೆ ಆಫೀಸಿಗೆ ಹೋದರೆ ರಾತ್ರಿಯೇ ಮನೆಗೆ ಬರುವವರು ಚೆರ್ರಿ ಆರಿಸುವುದು ಜಾಣತನ.

ಹೆಜ್ಜೆ 6: ಪೊಟ್ಟಣ ಓದಿ, ಸಸಿ ನೋಡಿ

ಪೊಟ್ಟಣದಲ್ಲಿ ಮೂರು ವಿವರ ಹುಡುಕಿ: ಎತ್ತರ, ಡಿಟರ್ಮಿನೇಟ್ ಹೌದೋ ಅಲ್ಲವೋ, ಎಫ್1 (ಎರಡು ತಳಿ ಕೂಡಿಸಿ ಪಡೆದ ಮೊದಲ ತಲೆಮಾರಿನ ಹೈಬ್ರಿಡ್) ಹೌದೋ ಅಲ್ಲವೋ. ‘60 ದಿನ’ ಎಂದಿದ್ದರೆ ಸಾಮಾನ್ಯವಾಗಿ ಅದು ಸಸಿ ನಾಟಿ ಮಾಡಿದ ದಿನದಿಂದ ಲೆಕ್ಕ. ಬಿತ್ತಿದ ದಿನದಿಂದ ಎಣಿಸುವುದಾದರೆ ಇನ್ನೊಂದು ತಿಂಗಳು ಸೇರಿಸಿ. ಬರೀ ‘ಬಾಲ್ಕನಿ ಟೊಮೆಟೊ’ ಎಂದಿದ್ದು ತಳಿಯ ಹೆಸರೇ ಇಲ್ಲದಿದ್ದರೆ ಆ ಪೊಟ್ಟಣ ವಾಪಸ್ ಇಡಿ.

ಬೇಕಾದ್ದಕ್ಕಿಂತ ನಾಲ್ಕು ಬೀಜ ಜಾಸ್ತಿ ಬಿತ್ತಿ. ಮೂರು–ನಾಲ್ಕು ವಾರಕ್ಕೆ ಸಸಿಗಳು ತಮ್ಮ ಜಾತಕ ತಾವೇ ಹೇಳುತ್ತವೆ. ಮೈಕ್ರೋ ಅಥವಾ ಡ್ವಾರ್ಫ್ ಬೀಜದ ಟ್ರೇನಲ್ಲಿ ಒಂದು ಸಸಿ ಮಾತ್ರ ಉಳಿದವುಗಳ ಎರಡರಷ್ಟು ಎತ್ತರವಿದ್ದು, ಎಲೆಗಳ ನಡುವೆ ಅಂತರ ಜಾಸ್ತಿ ಇದ್ದರೆ, ಅದು ಬೆರಕೆ. ತೆಗೆದುಹಾಕಿ. ಎಲ್ಲವೂ ಒಂದೇ ಸಮ ಉದ್ದುದ್ದ ಬೆಳೆದು ಬಾಗಿದ್ದರೆ ಬೀಜದ ತಪ್ಪಲ್ಲ, ಬಿಸಿಲು ಸಾಲದಾಗಿದೆ.

ಹೂವು ಬಂದ ಮೇಲೆ ಬೆಳಿಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಮೆಟೊ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಆದರೆ ಅಲುಗಾಡಬೇಕು. ಎಂಟನೇ ಮಹಡಿಯವರೆಗೆ ದುಂಬಿ ಬರುವುದನ್ನು ಕಾಯುತ್ತಾ ಕೂರಲು ಆಗುವುದಿಲ್ಲ.

ಮುಂದಿನ ಸಲಕ್ಕೆ ಬೀಜ ಬೇಕಿದ್ದರೆ ಎಫ್1 ಅಲ್ಲದ ತಳಿಯ ಚೆನ್ನಾಗಿ ಮಾಗಿದ ಹಣ್ಣಿನ ತಿರುಳನ್ನು ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಲು ಬಿಡಿ. ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೊಳೆದು, ತಟ್ಟೆಯ ಮೇಲೆ ಹರಡಿ, ನೆರಳಲ್ಲಿ ಒಣಗಿಸಿ. ಕಾಗದದ ಕವರಿನಲ್ಲಿ ಹಾಕಿ ತಳಿಯ ಹೆಸರು, ವರ್ಷ ಮತ್ತು ಗಿಡದ ಎತ್ತರ ಬರೆದಿಡಿ.