ನನ್ನ ಹೊಟ್ಟೆಯ ನಕ್ಷೆ ನಾನೇ ಬರೆದದ್ದು

ಹೆರಿಗೆ ವಾರ್ಡಿನಲ್ಲಿ ಹತ್ತು ಹನ್ನೆರಡು ವರ್ಷ ಬೇರೆಯವರ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಎಂದು ಹೇಳಿದವಳು ನಾನು. ಎರಡನೆಯ ಬಸಿರಿನಲ್ಲಿ ನನ್ನದೇ ಹೊಟ್ಟೆಯನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಾಗ ಮಾತ್ರ ಜೊತೆಯ ನರ್ಸ್ ನಕ್ಕಳು. "ತಮ್ಮ ಬೆನ್ನು ತಾವೇ ಕೆರೆದುಕೊಂಡ ಹಾಗಾಗುತ್ತದೆ ಸಿಸ್ಟರ್" ಎಂದಳು.

ಹಟಕ್ಕೆ ಕಾರಣವಿತ್ತು. ಮೊದಲ ಹೆರಿಗೆಯಲ್ಲಿ ಮಗುವಿನ ಬೆನ್ನು ನನ್ನ ಬೆನ್ನಿನ ಕಡೆಗಿತ್ತು. ನೋವೆಲ್ಲ ಸೊಂಟದಲ್ಲೇ, ಸುಮಾರು 20 ಗಂಟೆ. ಕಾರಣ ತಿಳಿದದ್ದು ಮಗು ಮುಖ ಮೇಲೆ ಮಾಡಿಕೊಂಡು ಹೊರಬಂದ ಮೇಲೆ.

ಹೊಟ್ಟೆಯನ್ನು ಮುಟ್ಟಿ ಮಗುವಿನ ಭಂಗಿ ತಿಳಿಯಲು ಲಿಯೋಪೋಲ್ಡರ ನಾಲ್ಕು ಹಿಡಿತಗಳಿವೆ. ನಾಲ್ಕನೆಯದನ್ನು ಗರ್ಭಿಣಿಯ ಕಾಲಿನ ಕಡೆ ಮುಖ ಮಾಡಿ ಮಾಡುತ್ತೇವಲ್ಲ, ಸ್ವಂತ ಹೊಟ್ಟೆಯ ಮೇಲೆ ಕೈಗಳು ತಾವಾಗಿಯೇ ಆ ದಿಕ್ಕಿಗೆ ಬರುತ್ತವೆ. ಉಳಿದ ಮೂರೂ ತಲೆಕೆಳಗು. ಇನ್ನೊಂದು ತೊಂದರೆ, ನೋಡಲೆಂದು ಕತ್ತೆತ್ತಿದರೆ ಸಾಕು, ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯುತ್ತದೆ. ಕಣ್ಣು ಮುಚ್ಚಿ ಮಾಡುವುದನ್ನು ಕಲಿಯಲು ಒಂದು ವಾರವೇ ಹಿಡಿಯಿತು.

33ನೇ ವಾರದಲ್ಲಿ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಗುಂಡಗಿನ ಭಾಗ ಸಿಕ್ಕಿತು. ತಲೆ ಮೇಲಿದೆ, ಕುಂಡೆ ಕೆಳಗಿದೆ, ಅಂದರೆ ಬ್ರೀಚ್ ಎಂದು ನಿರ್ಧರಿಸಿಬಿಟ್ಟೆ. ತಿಂಗಳು ತುಂಬುವ ಹೊತ್ತಿಗೆ ನೂರಕ್ಕೆ ಮೂರೋ ನಾಲ್ಕೋ ಮಾತ್ರ ಹಾಗೆ ಉಳಿಯುತ್ತವೆ ಎಂದು ಎಷ್ಟು ಜನರಿಗೆ ಸಮಾಧಾನ ಹೇಳಿದ್ದೇನೋ, ನನಗೆ ಮಾತ್ರ ಎರಡು ರಾತ್ರಿ ನಿದ್ದೆಯಿಲ್ಲ. ವೈದ್ಯರು ಬರೆದುಕೊಡದಿದ್ದರೂ ಕೈಯಿಂದ ದುಡ್ಡು ಕೊಟ್ಟು ಸ್ಕ್ಯಾನಿಂಗ್ ಮಾಡಿಸಿದೆ. ಅದು ಕುಂಡೆ! ಬೆರಳಿನಿಂದ ತಳ್ಳಿದಾಗ ಇಡೀ ಮೈ ಜೊತೆಗೆ ಅಲುಗಿತ್ತು. ತಲೆಯಾಗಿದ್ದರೆ ಕುತ್ತಿಗೆಯ ಮೇಲೆ ಅದೊಂದೇ ಪುಟಿಯಬೇಕಿತ್ತು. ವಿದ್ಯಾರ್ಥಿನಿಯರಿಗೆ ಇದನ್ನೇ ಪಾಠ ಹೇಳಿದವಳು ನಾನು.

ಎರಡನೆಯ ಎಡವಟ್ಟು ಇನ್ನೂ ನಗೆಪಾಟಲು. ಕನ್ನಡಿಯ ಮುಂದೆ ನಿಂತು, ಕಂಡಂತೆ ಕಾಗದದ ಮೇಲೆ ಚಿತ್ರ ಬರೆದೆ. ಮರುದಿನ ಅದನ್ನೇ ಕೇಸ್ ಶೀಟಿನ ಚಿತ್ರದಂತೆ, ಅಂದರೆ ಎದುರು ನಿಂತವರು ಕಂಡಂತೆ ಎಡಬಲ ಅದಲುಬದಲಾಗಿ ಓದಿ, ಬೆನ್ನು ಎಡಕ್ಕಿದೆ ಎಂದು ಘೋಷಿಸಿದೆ. ಆ ನರ್ಸ್ ಎಡಗಡೆಯೆಲ್ಲ ಹುಡುಕಿ, ಕೊನೆಗೆ ಬಲಪಕ್ಕೆಯಲ್ಲಿ ಎದೆಬಡಿತ ಹಿಡಿದಳು. ಒಂದು ವಾರ ವಾರ್ಡಿಗೆಲ್ಲ ನಗು.

ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರವೊಂದನ್ನು ಮನೆಗೆ ಕೊಂಡದ್ದು ಶುದ್ಧ ದಂಡ. ಸಂಬಳದ ಹತ್ತನೆಯ ಒಂದು ಭಾಗ ಹೋಗಿರಬೇಕು, ಜೆಲ್ ಬೇರೆ. ಒಂದು ಸಂಜೆ ನಿಮಿಷಕ್ಕೆ 90ರ ಆಸುಪಾಸು ತೋರಿಸಿತು. 110ರಿಂದ 160 ಇರಬೇಕಾದಲ್ಲಿ! ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಅದು ನನ್ನದೇ. ಮಿಸುಕಾಟ ಕಡಿಮೆಯಾದಾಗ ಆಸ್ಪತ್ರೆಗೆ ಬರುವುದು ಬಿಟ್ಟು ಮನೆಯಲ್ಲಿ ಡಾಪ್ಲರ್ ಹಿಡಿದು ಕೂರುವವರನ್ನು ಬೈಯುತ್ತಿದ್ದವಳ ಗತಿ ಇದು. ಅದನ್ನು ಕಪಾಟಿಗೆ ತಳ್ಳಿದೆ.

ಕೆಲಸಕ್ಕೆ ಬಂದದ್ದು ಎರಡು ಬಣ್ಣದ ಪೆನ್ನು. ಜೋರು ಒದೆತಕ್ಕೆ ಕೆಂಪು, ಕಚಗುಳಿಯಂಥ ಮಿಸುಕಾಟಕ್ಕೆ ನೀಲಿ, ಮೂರು ದಿನ ಎಲ್ಲೆಲ್ಲಿ ಎಂದು ಚುಕ್ಕೆಯಿಟ್ಟೆ. ಕೆಂಪೆಲ್ಲ ಎಡಗಡೆ ಮೇಲೆ, ಅಂದರೆ ಕಾಲು ಅಲ್ಲಿ, ಬೆನ್ನು ಬಲಕ್ಕೆ. ನೀಲಿ ಹೊಕ್ಕುಳ ಮತ್ತು ಕಿಬ್ಬೊಟ್ಟೆಯ ನಡುವೆ, ಮುಂಭಾಗದಲ್ಲೇ. ಬೆನ್ನು ಮುಂದಿದ್ದರೆ ಕೈಗಳು ಅಲ್ಲಿ ಆಡುತ್ತಿರಲಿಲ್ಲ. ಹೊಕ್ಕುಳದ ಸುತ್ತ ತಟ್ಟೆಯಂತೆ ತಗ್ಗು ಬೇರೆ, ಅದೂ ಬೆನ್ನು ಹಿಂದಿರುವ ಗುರುತೇ. ಮಾಸು (ಪ್ಲಸೆಂಟಾ) ಗರ್ಭಕೋಶದ ಮುಂಗೋಡೆಯಲ್ಲಿದ್ದವರಿಗೆ ಈ ಚುಕ್ಕೆಗಳು ಇಷ್ಟು ಸ್ಪಷ್ಟವಾಗಿ ಸಿಗಲಾರವು. ನನ್ನದು ಹಿಂಗೋಡೆಯಲ್ಲಿತ್ತು, ಅದೃಷ್ಟ.

ನಡುವೆ ಒಂದು ಹುಚ್ಚಾಟವನ್ನೂ ಮಾಡಿದೆ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಬಿಟ್ಟು ಹೊಟ್ಟೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದೆ. ಉಬ್ಬಿನ ನೆರಳು ಚೆನ್ನಾಗಿ ಬೀಳುತ್ತದೆ. ಮೊಣಕಾಲೊಂದು ಎಡದಿಂದ ಜಾರಿಹೋದದ್ದನ್ನು ಗಂಡನಿಗೆ ಹತ್ತು ಸಲ ತೋರಿಸಿದ್ದೇನೆ. ಭಂಗಿ ತಿಳಿಯಲು ಅದರಿಂದ ಏನೂ ಉಪಯೋಗವಾಗಲಿಲ್ಲ.

ಮುಂದಲೆ ಯಾವ ಕಡೆಗಿದೆ ಎಂದು ಕಿಬ್ಬೊಟ್ಟೆಯಲ್ಲಿ ತಿಳಿಯಲು ಹೆಬ್ಬೆರಳಿನದೊಂದು ಉಪಾಯವಿದೆ. ಅದನ್ನು ಬರೆದು ತಿಳಿಸಲಾಗದು, ಪಕ್ಕದಲ್ಲಿ ಕುಳಿತರೆ ತೋರಿಸುತ್ತೇನೆ.

37ನೇ ವಾರ, ಸ್ಕ್ಯಾನಿಂಗಿಗೆ ಮುಂಚೆ ಕಾಗದದಲ್ಲಿ ಬರೆದು ಮಡಿಸಿ ಆ ನರ್ಸ್ ಕೈಗೆ ಕೊಟ್ಟೆ: ತಲೆ ಕೆಳಗೆ, ಬೆನ್ನು ಬಲಕ್ಕೆ ಮತ್ತು ಹಿಂದಕ್ಕೆ. ವರದಿ ಬಂದ ಮೇಲೆ ಬಿಚ್ಚಿ ಓದಿದಳು, ಮಾತಾಡಲಿಲ್ಲ.

ಹೆರಿಗೆಯ ನೋವು ಏರಿದಾಗ ಮಗು ತಾನೇ ತಿರುಗಿ, ಮುಖ ಕೆಳಗೆ ಮಾಡಿಕೊಂಡು ಬಂತು. ಅಲ್ಲಿಗೆ ನಿಮ್ಮ ನಕ್ಷೆ ಸುಳ್ಳಾಯಿತು ಎಂದು ಅವಳು ಈಗಲೂ ವಾದಿಸುತ್ತಾಳೆ. ಚುಕ್ಕೆಗಳ ಹಾಳೆಯ ಫೋಟೊವನ್ನು ಮಾತ್ರ ತನ್ನ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾಳೆ.